ತಿನ್ನುವುದು ಸ್ವಲ್ಪ, ತೂಕ ಏರುತ್ತಲೇ ಇದೆ: ಕಾರಣ ಹುಡುಕುವ ಕೈಪಿಡಿ

ಪಂಕ್ತಿಯಲ್ಲಿ ಕುಳಿತು ಒಮ್ಮೆಲೇ ಹತ್ತು ಹೋಳಿಗೆ ತಿಂದು ದಪ್ಪಗಾದವರು ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಕಡಿಮೆ. ತೂಕ ಏರಿದವರನ್ನು ಕೇಳಿ ನೋಡಿ: ‘ಎರಡು ಹೊತ್ತು ಊಟ, ಅದೂ ಮನೆಯದು’ ಎನ್ನುತ್ತಾರೆ. ಸುಳ್ಳೇನೂ ಅಲ್ಲ. ಊಟ ಎಂದು ಲೆಕ್ಕಕ್ಕೆ ಹಿಡಿದದ್ದಷ್ಟನ್ನು ಹೇಳುತ್ತಾರೆ. ಗಿರಾಕಿ ಬಂದಾಗ ಕುಡಿದ ಚಹಾ, ಹಿಂಡಿಯ (ಚಟ್ನಿಪುಡಿಯ) ಮೇಲೆ ಸುರಿದುಕೊಂಡ ಎಣ್ಣೆ, ಮಗು ತಟ್ಟೆಯಲ್ಲಿ ಬಿಟ್ಟ ಅನ್ನ, ಏಕಾದಶಿಯ ಸಾಬೂದಾನಿ ಆ ಲೆಕ್ಕಕ್ಕೆ ಬರುವುದೇ ಇಲ್ಲ.

ಮಣ್ಣಿನ ಮಾಳಿಗೆಯ ಮನೆಯಲ್ಲಿ ಬೆಳೆದವರಿಗೆ ಗೊತ್ತಿರುತ್ತದೆ: ಒಳಗೆ ನೀರು ತೊಟ್ಟಿಕ್ಕುವ ಜಾಗ ಒಂದು, ಮೇಲೆ ಮಣ್ಣು ಸರಿದ ಜಾಗ ಇನ್ನೊಂದು. ತೂಕದ ವಿಷಯದಲ್ಲಿ ಎಲ್ಲರೂ ಮೊದಲು ಕೈ ಹಾಕುವುದು ರಾತ್ರಿಯ ರೊಟ್ಟಿಯ ಮೇಲೆ. ರೊಟ್ಟಿ ಬಿಟ್ಟು ಹಸಿದು ಮಲಗುತ್ತಾರೆ, ಮರುದಿನ ಅಂಗಡಿಯಲ್ಲಿ ಎರಡು ಚಹಾ ಹೆಚ್ಚಿಗೆ ಕುಡಿಯುತ್ತಾರೆ, ತಿಂಗಳು ಕಳೆದರೂ ಮುಳ್ಳು ಅಲುಗಾಡುವುದಿಲ್ಲ. ಹಾಗಾಗಿ ಈ ಕೈಪಿಡಿಯಲ್ಲಿ ಕಾಸು ಖರ್ಚಿಲ್ಲದ ಪರೀಕ್ಷೆಗಳು ಮೊದಲು, ರಕ್ತ ಪರೀಕ್ಷೆ ಮತ್ತು ವೈದ್ಯರು ಕೊನೆಗೆ. ಒಂದು ಎಚ್ಚರಿಕೆ ಮಾತ್ರ ಎಲ್ಲಕ್ಕಿಂತ ಮುಂಚೆ.

ಯಾರು ಇದನ್ನು ತಾವಾಗಿಯೇ ಮಾಡಬಾರದು

ಬಸುರಿಯರು, ಹಾಲುಣಿಸುವ ತಾಯಂದಿರು, ಬೆಳೆಯುವ ಮಕ್ಕಳು, ಮೂತ್ರಪಿಂಡದ ತೊಂದರೆಯವರು ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಬಾರದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಇನ್ನೂ ಎಚ್ಚರದಿಂದಿರಬೇಕು. ಔಷಧದ ಪ್ರಮಾಣ ಹಾಗೆಯೇ ಇಟ್ಟು ಊಟವನ್ನಷ್ಟೇ ಇಳಿಸಿದರೆ ರಕ್ತದಲ್ಲಿ ಸಕ್ಕರೆ ಥಟ್ಟನೆ ಕುಸಿದು ಕೈ ನಡುಗುತ್ತದೆ, ಬೆವರುತ್ತದೆ, ಪ್ರಜ್ಞೆಯೂ ತಪ್ಪಬಹುದು. ಇವರು ಮುಂದಿನ ಪರೀಕ್ಷೆಗಳನ್ನು ಓದಿ ಟಿಪ್ಪಣಿ ಮಾಡಿಕೊಳ್ಳಲಿ. ಬದಲಾವಣೆ ಮಾತ್ರ ವೈದ್ಯರ ಮಾತಿನ ಮೇಲೆ ಆಗಲಿ.

‘ತೂಕ ಅಷ್ಟೇ ಇದೆ, ಪ್ಯಾಂಟ್ ಮಾತ್ರ ಬಿಗಿಯಾಗಿದೆ’

ಮೊದಲ ಉಪಕರಣ ದರ್ಜಿಯ ಟೇಪು. ಪಕ್ಕೆಲುಬಿನ ಕೊನೆಯ ಎಲುಬು ಮತ್ತು ಸೊಂಟದ ಎಲುಬಿನ ಮೇಲಂಚು, ಇವೆರಡರ ನಡುವೆ ಟೇಪು ಹಿಡಿಯಿರಿ. ಸಹಜವಾಗಿ ಉಸಿರು ಬಿಟ್ಟಾಗ ಅಳೆಯಿರಿ, ಹೊಟ್ಟೆ ಒಳಗೆಳೆದುಕೊಳ್ಳಬೇಡಿ. ನಮ್ಮಂಥ ದಕ್ಷಿಣ ಏಷ್ಯಾದವರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಗಡಿ. ಅದನ್ನು ದಾಟಿದರೆ ಹೊಟ್ಟೆಯ ಒಳಗೆ, ಕರುಳು ಮತ್ತು ಯಕೃತ್ತಿನ ಸುತ್ತ ಕೊಬ್ಬು ಸೇರುತ್ತಿದೆ ಎಂದು ತಿಳಿಯಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ಹೆಚ್ಚು ಹತ್ತಿರವಾದದ್ದು ಈ ಕೊಬ್ಬು. ತೂಕ ಬದಲಾಗದೆ ಸೊಂಟ ಮಾತ್ರ ಹಿಗ್ಗಿದ್ದರೆ ಸ್ನಾಯು ಕರಗಿ ಆ ಜಾಗಕ್ಕೆ ಕೊಬ್ಬು ಬಂದಿರಬಹುದು. ನಲವತ್ತು ದಾಟಿ, ಕುಳಿತು ಕೆಲಸ ಮಾಡುವವರಲ್ಲಿ ಇದು ಸಾಮಾನ್ಯ.

ಪ್ಯಾಂಟ್ ತೊಡುವವರಿಗೆ ಬೆಲ್ಟಿನ ತೂತಾದರೂ ಸುಳಿವು ಕೊಡುತ್ತದೆ. ಇಳಕಲ್ ಸೀರೆಗೂ ಧೋತರಕ್ಕೂ ಆ ಗುಣವಿಲ್ಲ. ಎಷ್ಟು ಹಿಗ್ಗಿದರೂ ಅವು ಸುತ್ತಿಕೊಂಡು ಸುಮ್ಮನಿರುತ್ತವೆ. ಸೀರೆ ಉಡುವವರು ಹಳೆಯ ಕುಪ್ಪಸದ ತೋಳು, ಬೆರಳಿನ ಉಂಗುರ ನೋಡಿಕೊಳ್ಳಬೇಕು. ಹೋದ ವರ್ಷದ ಕುಪ್ಪಸದ ತೋಳಿನ ಹೊಲಿಗೆ ಬಿಚ್ಚಿಸಬೇಕಾಗಿ ಬಂದಿದ್ದರೆ ಅದೂ ಒಂದು ಅಳತೆಯೇ.

ತೂಕವನ್ನು ವಾರಕ್ಕೊಮ್ಮೆ ನೋಡಿದರೆ ಸಾಕು: ಒಂದೇ ಯಂತ್ರದಲ್ಲಿ, ಬೆಳಿಗ್ಗೆ ಶೌಚಕ್ಕೆ ಹೋಗಿ ಬಂದ ಮೇಲೆ, ಬರಿಹೊಟ್ಟೆಯಲ್ಲಿ. ಹಿಂದಿನ ದಿನದ ಉಪ್ಪು, ನೀರು, ಮಲಬದ್ಧತೆಯಿಂದಲೇ ಒಂದೆರಡು ಕಿಲೋ ಹಿಂದೆ ಮುಂದೆ ಆಗುತ್ತದೆ. ದಿನಾ ನೋಡಿದರೆ ತಲೆ ಕೆಡುವುದಷ್ಟೇ ಲಾಭ. ತೂಕದ ಕಿಲೋವನ್ನು ಎತ್ತರದ ಮೀಟರಿನ ವರ್ಗದಿಂದ ಭಾಗಿಸಿ. ಭಾರತೀಯರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಐದು ಅಡಿ ಐದು ಇಂಚು, ಅಂದರೆ 165 ಸೆಂಟಿಮೀಟರ್ ಎತ್ತರದವರಿಗೆ ಈ ಗಡಿಗಳು ಸುಮಾರು 63 ಮತ್ತು 68 ಕಿಲೋ.

ಎರಡೂ ಅಳತೆ ಗಡಿಯೊಳಗಿದ್ದು, ವರ್ಷದಿಂದ ಹೆಚ್ಚು ಕದಲಿಲ್ಲ ಎಂದಾದರೆ ಇಲ್ಲಿಗೆ ನಿಲ್ಲಿಸಬಹುದು. ದೋಷ ಪ್ಯಾಂಟಿನದು.

‘ಎರಡೇ ಹೊತ್ತು ಊಟ, ನಡುವೆ ಏನೂ ತಿನ್ನುವುದಿಲ್ಲ’

ಈ ಮಾತು ಕೇಳಿದ ಕೂಡಲೇ ಚಹಾದ ಲೆಕ್ಕ ತೆಗೆಯಬೇಕು.

ನಮ್ಮ ಕಡೆಯ ಪೇಟೆಯಲ್ಲಿ ಬಟ್ಟೆ ಅಂಗಡಿಯ ದಿನ ನೋಡಿ. ಅಂಗಡಿ ತೆರೆದು ದೇವರಿಗೆ ಊದಿನಕಡ್ಡಿ ಹಚ್ಚುವಷ್ಟರಲ್ಲಿ ಒಂದು ಚಹಾ. ಲಗ್ನದ ಜವಳಿಗೆ ಬಂದ ಕುಟುಂಬಕ್ಕೆ ತರಿಸಿದಾಗ ಅವರ ಜೊತೆಗೊಂದು, ಇಲ್ಲದಿದ್ದರೆ ಗೌರವ ಕಡಿಮೆಯಾಗುತ್ತದೆ. ಸೂರತ್ತಿನ ಮಾಲಿನವರು ಬಂದರೆ ಮತ್ತೊಂದು. ಮಧ್ಯಾಹ್ನ ನಿದ್ದೆ ತೂಗಿದಾಗ, ಸಂಜೆ ಲೆಕ್ಕ ಬರೆಯುವಾಗ, ಮನೆಗೆ ಹೋದ ಮೇಲೆ ಹೆಂಡತಿ ಕೊಟ್ಟಾಗ. ಯಾವುದೂ ಪೂರ್ತಿ ಬಟ್ಟಲಲ್ಲ, ಎಲ್ಲವೂ ಅರ್ಧರ್ಧ, ಆದ್ದರಿಂದ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ. ಮಾಲೀಕರನ್ನು ಕೇಳಿದರೆ ‘ದಿನಕ್ಕೆ ಎರಡು ಮೂರು’ ಎನ್ನುತ್ತಾರೆ.

ಇದಕ್ಕೆ ಪುಕ್ಕಟೆ ಪರೀಕ್ಷೆಯೊಂದಿದೆ. ಚಹಾ ತರುವ ಹೋಟೆಲಿನವರ ಉದ್ರಿ ಪುಸ್ತಕ ತೆರೆಸಿ ನೋಡಿ. ಅಂಗಡಿಯ ಹೆಸರಿನ ಮುಂದೆ ಎಳೆದ ಗೀಟುಗಳು ನಿಮ್ಮ ನೆನಪಿಗಿಂತ ಪ್ರಾಮಾಣಿಕವಾಗಿರುತ್ತವೆ. ಗಿರಾಕಿಗಳ ಪಾಲು ಕಳೆದು ಉಳಿದದ್ದು ನಿಮ್ಮದು. ಕಚೇರಿಯಲ್ಲಿರುವವರು ಕಿಸೆಯಲ್ಲಿ ಒಂದು ಚೀಟಿ ಇಟ್ಟುಕೊಂಡು ಪ್ರತಿ ಸಲ ಗೀಟು ಹಾಕಲಿ, ವಾರ ಸಾಕು.

ಈಗ ಒಳಗಿನದು. ಎಮ್ಮೆಯ ಹಾಲಿನಲ್ಲಿ ನೂರು ಮಿಲಿಲೀಟರಿಗೆ ಸುಮಾರು 100 ಕ್ಯಾಲೊರಿ ಇರುತ್ತದೆ. ಒಂದು ಚಹಾದಲ್ಲಿ ಐವತ್ತು ಮಿಲಿಲೀಟರ್ ಹಾಲು ಸೇರಿದರೆ 50. ಎರಡು ಚಮಚ ಸಕ್ಕರೆ ಹತ್ತು ಗ್ರಾಂ ಎಂದು ಹಿಡಿದರೆ 40. ಒಟ್ಟು 90ರ ಹತ್ತಿರ. ಇಂಥ ಚಹಾ ಆರು ಆದರೆ 540 ಕ್ಯಾಲೊರಿ. ಅರವತ್ತು ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಇರುವುದು ಸುಮಾರು 200. ರಾತ್ರಿ ಬಿಟ್ಟ ಆ ಒಂದು ರೊಟ್ಟಿ ಎಲ್ಲಿ ಸಾಲುತ್ತದೆ ಹೇಳಿ. ಚಹಾದ ಜೊತೆ ಅದ್ದಿ ತಿನ್ನುವ ಬಿಸ್ಕತ್ತು, ಟೋಸ್ಟು, ಖಾರಿಗಳನ್ನು ನಾನಿನ್ನೂ ಸೇರಿಸಿಲ್ಲ.

ಬೆಲ್ಲದ ಚಹಾ ಕುಡಿಯುವವರಿಗೆ ಒಂದು ಮಾತು. ಮಹಾಲಿಂಗಪುರದ ಬೆಲ್ಲ ರುಚಿಯಲ್ಲಿ ದೊಡ್ಡದು, ಒಪ್ಪೋಣ. ಕ್ಯಾಲೊರಿಯಲ್ಲಿ ಸಕ್ಕರೆಗೂ ಅದಕ್ಕೂ ಹೆಚ್ಚಿನ ಅಂತರವಿಲ್ಲ. ಬೆಲ್ಲ ಒಳ್ಳೆಯದೆಂದು ಎರಡರ ಬದಲು ಮೂರು ಚಮಚ ಹಾಕಿಕೊಳ್ಳುವವರೇ ಹೆಚ್ಚು. ಬೆಳಿಗ್ಗೆ ಇಂಡಿಯ ನಿಂಬೆಹಣ್ಣು ಹಿಂಡಿ ಜೇನು ಬೆರೆಸಿ ಕುಡಿಯುವವರೂ ಇದೇ ಸಾಲಿಗೆ ಸೇರುತ್ತಾರೆ. ನಿಂಬೆಯದು ಏನೂ ತಪ್ಪಿಲ್ಲ, ಆದರೆ ಕೊಬ್ಬು ಕರಗಿಸುವ ಗುಣ ಜೇನಿಗಿಲ್ಲ.

ಮಾಡಬೇಕಾದದ್ದು: ಮೂರು ನಾಲ್ಕು ವಾರ ಚಹಾದ ಸಕ್ಕರೆಯನ್ನು ಅರ್ಧಕ್ಕೆ ಇಳಿಸಿ, ಬಟ್ಟಲುಗಳನ್ನು ಮೂರಕ್ಕೆ ನಿಲ್ಲಿಸಿ. ಉಳಿದ ಊಟ ಹಾಗೆಯೇ ಇರಲಿ. ಒಂದೇ ಸಲ ಎಲ್ಲವನ್ನೂ ಬದಲಿಸಿದರೆ ಕಾರಣ ಯಾವುದೆಂದು ತಿಳಿಯುವುದಿಲ್ಲ, ನಾಲ್ಕನೆಯ ದಿನ ಎಲ್ಲವೂ ಒಟ್ಟಿಗೇ ಕೈಬಿಟ್ಟು ಹೋಗುತ್ತವೆ. ಸೊಂಟದ ಟೇಪು ಸಡಿಲಾಗತೊಡಗಿದರೆ ಕಾರಣ ಸಿಕ್ಕಿತು.

ಇಷ್ಟು ಸಣ್ಣದರಿಂದ ಅಷ್ಟು ದೊಡ್ಡದೇ ಎಂದು ಕೇಳುವವರಿಗೆ: ದೇಹದ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿರುತ್ತದೆ. ದಿನಕ್ಕೆ 100 ಹೆಚ್ಚಾದರೆ ಕಾಗದದ ಲೆಕ್ಕದಲ್ಲಿ ವರ್ಷಕ್ಕೆ ನಾಲ್ಕೂಮುಕ್ಕಾಲು ಕಿಲೋ. ನಿಜದಲ್ಲಿ ಅಷ್ಟಾಗುವುದಿಲ್ಲ, ಏಕೆಂದರೆ ಭಾರವಾದ ದೇಹ ಹೆಚ್ಚು ಖರ್ಚು ಮಾಡುತ್ತದೆ. ಮೊದಲ ವರ್ಷ ಎರಡು ಕಿಲೋ, ಮುಂದಿನ ಎರಡು ಮೂರು ವರ್ಷಗಳಲ್ಲಿ ಇನ್ನೆರಡು ಏರಿ ನಿಲ್ಲುತ್ತದೆ. ಅದರ ಮೇಲೆ ಮತ್ತೊಂದು ಹೊಸ ಅಭ್ಯಾಸ ಸೇರಿದರೆ ಮತ್ತೆ ಏರಿಕೆ ಶುರು. ಇಳಿಯುವಾಗಲೂ ಇದೇ ಆಮೆ ನಡಿಗೆ, ಆದ್ದರಿಂದ ಮೊದಲ ವಾರವೇ ಫಲ ಕೇಳಬೇಡಿ.

‘ಹೊರಗಿನದು ಮುಟ್ಟುವುದಿಲ್ಲ, ಮನೆ ಅಡುಗೆಯೇ’

ಇಲ್ಲಿ ಅಡುಗೆಮನೆಗಿಂತ ಮೊದಲು ಕಿರಾಣಿ ಅಂಗಡಿಯ ಚೀಟಿ ನೋಡಬೇಕು. ಯಾರ ಮೇಲೂ ತಪ್ಪು ಹೊರಿಸದೆ ವಿಷಯ ಹೇಳುವ ಕಾಗದ ಅದೊಂದೇ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಕುಳಿತು ಕೆಲಸ ಮಾಡುವ ವಯಸ್ಕರಿಗೆ ದಿನಕ್ಕೆ 27 ಗ್ರಾಂ ಆಸುಪಾಸು ಎಣ್ಣೆ-ತುಪ್ಪ ಸಾಕು ಎಂದಿದೆ. ನಾಲ್ವರು ವಯಸ್ಕರ ಮನೆಗೆ ತಿಂಗಳಿಗೆ ಮೂರೂವರೆ ಲೀಟರ್ ಆಯಿತು. ಹದಿನೈದು ಕಿಲೋದ ಡಬ್ಬಿ ತರುವ ಮನೆಯಾದರೆ ಅದು ನಾಲ್ಕೂವರೆ ತಿಂಗಳು ಬರಬೇಕು. ಎರಡೂವರೆ ತಿಂಗಳಿಗೇ ತಳ ಕಂಡರೆ ತಲೆಗೆ ದಿನಕ್ಕೆ ಐವತ್ತು ಗ್ರಾಂ ಬಿತ್ತು. ಹೆಚ್ಚಾದ 23 ಗ್ರಾಮಿನಲ್ಲಿ 200 ಕ್ಯಾಲೊರಿ ಇದೆ, ಅದೂ ಒಂದು ತುತ್ತೂ ಹೆಚ್ಚು ತಿನ್ನದೆ. ಡಬ್ಬಿ ಒಡೆದ ದಿನವನ್ನು ಅದರ ಮೇಲೆಯೇ ಪೆನ್ನಿನಿಂದ ಬರೆದಿಡಿ. ಸಕ್ಕರೆಗೂ ಇದೇ ಉಪಾಯ: ವಿಶ್ವ ಆರೋಗ್ಯ ಸಂಸ್ಥೆ ಒಳ್ಳೆಯದೆನ್ನುವ ದಿನಕ್ಕೆ 25 ಗ್ರಾಮಿನ ಲೆಕ್ಕದಲ್ಲಿ ನಾಲ್ವರಿಗೆ ತಿಂಗಳಿಗೆ ಮೂರು ಕಿಲೋ, ಬೆಲ್ಲ ಮತ್ತು ಬೇಕರಿಯ ಸಿಹಿಯೂ ಅದರಲ್ಲೇ.

ಡಬ್ಬಿ ಬೇಗ ಖಾಲಿಯಾಗುತ್ತಿದೆ ಎಂದಾದರೆ ಎಲ್ಲಿ ಹೋಗುತ್ತಿದೆ? ಎಣ್ಣೆಗಾಯಿಯ ಬದನೆಕಾಯಿ ಎಷ್ಟು ಹಾಕಿದರೂ ಹೀರುತ್ತದೆ, ಅದು ಗೊತ್ತಿದ್ದದ್ದೇ. ಕಾಣದೆ ಹೋಗುವುದು ತಟ್ಟೆಯ ಮೂಲೆಯಲ್ಲಿ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಮೂರೂ ಒಳ್ಳೆಯ ಪದಾರ್ಥಗಳು. ಆದರೆ ನೂರು ಗ್ರಾಂ ಶೇಂಗಾದಲ್ಲಿ 500ಕ್ಕೂ ಹೆಚ್ಚು ಕ್ಯಾಲೊರಿ. ಹಿಂಡಿ ಬಡಿಸಿಕೊಂಡು ನಡುವೆ ಬೆರಳಿನಿಂದ ಗುಳಿ ಮಾಡಿ, ಅದು ತುಂಬುವವರೆಗೆ ಎಣ್ಣೆ ಬಿಡುವುದು ನಮ್ಮ ಪದ್ಧತಿ. ರೊಟ್ಟಿ ಮುಗಿಯುವ ಮೊದಲೇ ಎಣ್ಣೆ ಇಂಗಿದರೆ ಮತ್ತೊಮ್ಮೆ ಬಿಡುತ್ತೇವೆ. ಒಂದು ದೊಡ್ಡ ಚಮಚ ಎಣ್ಣೆ ಸುಮಾರು 120 ಕ್ಯಾಲೊರಿ. ಗಾಣದ ಕುಸುಬಿ ಎಣ್ಣೆಯಾಗಲಿ, ಪಾಕೀಟಿನ ರಿಫೈನ್ಡ್ ಆಗಲಿ, ಗ್ರಾಮಿಗೆ 9 ಕ್ಯಾಲೊರಿ. ಗಾಣದ ಎಣ್ಣೆ ಎಷ್ಟು ತಿಂದರೂ ನಡೆಯುತ್ತದೆ ಎನ್ನುವವರ ಜೊತೆ ವಾದಿಸುವುದನ್ನು ನಾನು ಬಿಟ್ಟಿದ್ದೇನೆ. ಡಬ್ಬಿಯ ಮೇಲಿನ ದಿನಾಂಕ ತೋರಿಸುತ್ತೇನೆ, ಅಷ್ಟೇ. ಹಿಂಡಿಗೆ ಗಟ್ಟಿ ಮೊಸರು ಕಲಸಿಕೊಂಡರೆ ರುಚಿಯೂ ಉಳಿಯುತ್ತದೆ, ಎಣ್ಣೆಯೂ ಉಳಿಯುತ್ತದೆ.

ಅಡುಗೆ ಮಾಡುವವರು ತಮ್ಮದೇ ಇನ್ನೊಂದು ಲೆಕ್ಕ ನೋಡಿಕೊಳ್ಳಬೇಕು. ಉಪ್ಪು ನೋಡಲು ಒಂದು ಸೌಟು, ಕರಿಯುವಾಗ ಮುರಿದ ಒಂದು ಸಂಡಿಗೆ, ಮಕ್ಕಳು ಬಿಟ್ಟೆದ್ದ ಚಪಾತಿಯ ಅರ್ಧ, ‘ಅನ್ನ ಚೆಲ್ಲಬಾರದು’ ಎಂದು ಪಾತ್ರೆಯ ತಳದ್ದು. ಎಲ್ಲರೂ ಉಂಡ ಮೇಲೆ ಕೂರುವ ತಾಯಿ ತಟ್ಟೆಗೆ ಹಾಕಿಕೊಳ್ಳುವ ಮೊದಲೇ ಕಾಲು ಊಟ ಮುಗಿಸಿರುತ್ತಾಳೆ. ಉಳಿದದ್ದನ್ನು ದನಕ್ಕೋ ನಾಯಿಗೋ ಹಾಕಿ, ಇಲ್ಲವೇ ನಾಳೆಯಿಂದ ಒಂದು ಹಿಡಿ ಅಕ್ಕಿ ಕಡಿಮೆ ಹಾಕಿ. ಮನೆಯ ಉಳಿಕೆಯೆಲ್ಲ ಒಬ್ಬಳ ಹೊಟ್ಟೆಗೆ ಬೀಳಬೇಕೆಂಬ ನಿಯಮ ಯಾವ ಶಾಸ್ತ್ರದಲ್ಲೂ ಇಲ್ಲ.

‘ನಮ್ಮಪ್ಪನೂ ಇಷ್ಟೇ ಉಣ್ಣುತ್ತಿದ್ದರು, ಕಡ್ಡಿಯಂತಿದ್ದರು’

ಅಕ್ಕಿ ತಿಂದವ ಹಕ್ಕಿ, ಜೋಳ ತಿಂದವ ತೋಳ ಎಂದು ನಮ್ಮ ಹಿರಿಯರು ಹೆಮ್ಮೆಯಿಂದ ಹೇಳುತ್ತಿದ್ದರು. ತೋಳ ದಿನವಿಡೀ ಓಡುತ್ತದೆ ಎಂಬುದನ್ನು ಬೇರೆಯಾಗಿ ಹೇಳುವ ಅಗತ್ಯ ಅವರಿಗೆ ಇರಲಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಲ್ಲಿ 65 ಕಿಲೋ ತೂಕದ ಗಂಡಸು ಕುಳಿತು ಕೆಲಸ ಮಾಡಿದರೆ ದಿನಕ್ಕೆ ಬೇಕಾದದ್ದು ಸುಮಾರು 2,110 ಕ್ಯಾಲೊರಿ, ಮೈಮುರಿದು ದುಡಿದರೆ 3,470. ಹೆಂಗಸರಿಗೆ 55 ಕಿಲೋ ತೂಕಕ್ಕೆ 1,660 ಮತ್ತು 2,720. ಗಂಡಸಿನ ಅಂತರವನ್ನು ರೊಟ್ಟಿಗೆ ಇಳಿಸಿದರೆ ಆರು ಏಳು ರೊಟ್ಟಿ. ಅಪ್ಪ ಎತ್ತು ಹೂಡಿ ಕಪ್ಪು ನೆಲ ಹರಗುತ್ತಿದ್ದರು. ಮಗ ಟ್ರ್ಯಾಕ್ಟರಿನವರಿಗೆ ಫೋನ್ ಮಾಡುತ್ತಾನೆ. ರಬಕವಿ-ಬನಹಟ್ಟಿಯಲ್ಲಿ ಕುಣಿಮಗ್ಗ ತುಳಿಯುತ್ತಿದ್ದ ಕಾಲುಗಳು ವಿದ್ಯುತ್ ಮಗ್ಗದ ಮುಂದೆ ನಿಂತು ಎಳೆ ಕಡಿಯುವುದನ್ನು ಕಾಯುತ್ತವೆ. ಅವ್ವ ಬೀಸುಕಲ್ಲಿನಲ್ಲಿ ಬೀಸಿ, ಬಾವಿಯಿಂದ ನೀರು ಹೊತ್ತು, ಆಮೇಲೆ ರೊಟ್ಟಿ ಬಡಿಯುತ್ತಿದ್ದಳು. ಈಗ ಹಿಟ್ಟು ಗಿರಣಿಯಿಂದ ಬೈಕಿನಲ್ಲಿ ಬರುತ್ತದೆ, ಕೆಲವು ಮನೆಗಳಿಗೆ ರೊಟ್ಟಿಯೇ ಬರುತ್ತದೆ. ತಟ್ಟೆ ಮಾತ್ರ ಹಳೆಯ ಅಳತೆಯದು.

ಪರೀಕ್ಷೆ: ಮೊಬೈಲ್ ಫೋನಿನ ಹೆಜ್ಜೆ ಎಣಿಕೆಯನ್ನು ವಾರ ಗಮನಿಸಿ. ದಿನಕ್ಕೆ ಮೂರು ನಾಲ್ಕು ಸಾವಿರದೊಳಗೆ ಇದ್ದರೆ ನೀವು ಕುಳಿತು ಕೆಲಸ ಮಾಡುವವರ ಸಾಲಿನವರು, ಎಷ್ಟೇ ದಣಿವಾಗಿದ್ದರೂ ಸರಿ. ದಣಿವಿಗೆ ಬೇರೆ ಕಾರಣಗಳೂ ಇರುತ್ತವೆ.

ಎರಡನೆಯ ಪರೀಕ್ಷೆ ತಟ್ಟೆಯದು. ಮೂರು ರೊಟ್ಟಿ ಮುಗಿದ ಮೇಲೆ ‘ಕೊನೆಗೆ ಎರಡು ತುತ್ತು’ ಎಂದು ಅನ್ನ-ಸಾರು ಬರುತ್ತದೆಯಲ್ಲ, ಆ ಎರಡು ತುತ್ತನ್ನು ಒಮ್ಮೆ ಬಟ್ಟಲಿನಲ್ಲಿ ಅಳೆದು ನೋಡಿ. ಒಂದು ಬಟ್ಟಲು ಅನ್ನ ಮತ್ತೊಂದು ರೊಟ್ಟಿಗೆ ಸಮ. ರೊಟ್ಟಿಯೋ ಅನ್ನವೋ, ಒಂದು ಹೊತ್ತಿಗೆ ಒಂದು. ತೆರವಾದ ಜಾಗಕ್ಕೆ ಪುಂಡಿ ಪಲ್ಯ, ಮಡಿಕೆ ಕಾಳು, ಹೆಸರುಕಾಳಿನ ಪಲ್ಯ ಇಮ್ಮಡಿಯಾಗಲಿ. ಹಸಿ ಮೆಂತ್ಯ, ಮೂಲಂಗಿ, ಸವತೆಕಾಯಿ ಎಷ್ಟಾದರೂ ಆಗಬಹುದು. ಜೋಳದ ರೊಟ್ಟಿಯನ್ನು ಪೂರ್ತಿ ಬಿಟ್ಟು ಬೇಕರಿಯ ಬ್ರೆಡ್ಡು, ಡಬ್ಬಿಯ ಓಟ್ಸಿಗೆ ಹಣ ಸುರಿಯುವುದು ಈ ನೆಲದಲ್ಲಿ ಹುಟ್ಟಿದವರು ಮಾಡುವ ಕೆಲಸವಲ್ಲ.

‘ವಾರಕ್ಕೊಂದು ಉಪವಾಸ ಮಾಡುತ್ತೇನೆ, ಆದರೂ ಇಳಿದಿಲ್ಲ’

ಉಪವಾಸದ ದಿನ ಬಾಯಿಗೆ ಹೋದದ್ದನ್ನು ಬರೆಯಿರಿ. ದೇವರು ಬೇಸರ ಮಾಡಿಕೊಳ್ಳುವುದಿಲ್ಲ. ಬೆಳಗಾವಿ ಕಡೆಯಿಂದ ವಿಜಯಪುರದವರೆಗೆ ಉಪವಾಸ ಎಂದರೆ ಸಾಬೂದಾನಿ ಖಿಚಡಿ. 75 ಗ್ರಾಂ ಸಾಬೂದಾನಿ ಬರೀ ಪಿಷ್ಟ, 260 ಕ್ಯಾಲೊರಿ. ಕಾಲು ಬಟ್ಟಲು ಶೇಂಗಾ ಪುಡಿ 130, ಒಂದು ದೊಡ್ಡ ಚಮಚ ತುಪ್ಪ 120. ಒಂದು ತಟ್ಟೆಗೆ 500 ದಾಟಿತು. ಎರಡು ರೊಟ್ಟಿ, ಪಲ್ಯ, ಬೇಳೆಯ ಊಟಕ್ಕೂ ಹೆಚ್ಚುಕಡಿಮೆ ಅಷ್ಟೇ. ಆದರೆ ಊಟದ ನಾರು, ಬೇಳೆಯ ಪ್ರೋಟೀನು ಇಲ್ಲಿಲ್ಲವಾದ್ದರಿಂದ ಬೇಗ ಹಸಿವಾಗುತ್ತದೆ. ಮಧ್ಯಾಹ್ನ ಬಾಳೆಹಣ್ಣು, ಖರ್ಜೂರ, ಹಾಲು. ರಾತ್ರಿ ಮತ್ತೆ ಖಿಚಡಿ. ಉಪವಾಸ ಭಕ್ತಿಗಾಗಿ ಮಾಡಿ, ತೂಕದ ಖಾತೆಯಲ್ಲಿ ಬರೆಯಬೇಡಿ. ಎರಡೂ ಬೇಕೆನ್ನುವವರು ಮಜ್ಜಿಗೆ, ಹಣ್ಣು, ಒಂದೇ ಹೊತ್ತು ಸಣ್ಣ ತಟ್ಟೆ ಎಂದು ನಿಯಮ ಮಾಡಿಕೊಳ್ಳಲಿ.

‘ಜಾತ್ರೆ, ಲಗ್ನ ಮುಗಿದ ಮೇಲೆ ಏರಿದ್ದು ಇಳಿಯಲೇ ಇಲ್ಲ’

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಶೇಂಗಾ ಹೋಳಿಗೆ, ಸಜ್ಜೆ ಕಡಬು ಉಂಡದ್ದು ತೊಂದರೆಯಲ್ಲ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯ ಭಜಿಯೂ ಅಲ್ಲ. ತೊಂದರೆ ಶುರುವಾಗುವುದು ಮರುದಿನ, ಉಳಿದ ಹೋಳಿಗೆ ಡಬ್ಬಿ ಸೇರಿದಾಗ. ಅಮೀನಗಡದ ಕರದಂಟು, ಬೆಳಗಾವಿಯ ಕುಂದಾ ಯಾರೋ ತಂದುಕೊಟ್ಟದ್ದು ಫ್ರಿಜ್ಜಿನ ಕಣ್ಣೆತ್ತರದ ಹಲಗೆಯಲ್ಲಿ ಕುಳಿತರೆ ಅದು ಹತ್ತು ದಿನದ ಹಬ್ಬ. ಪರೀಕ್ಷೆ ಸುಲಭ: ಹಬ್ಬದ ಹಿಂದಿನ ವಾರ ಮತ್ತು ಎರಡು ವಾರ ಬಿಟ್ಟು ತೂಕ ನೋಡಿ. ಮೊದಲಿನ ಜಾಗಕ್ಕೆ ಬಂದಿದ್ದರೆ ಏರಿದ್ದು ಉಪ್ಪು-ನೀರು. ಬರದಿದ್ದರೆ ಡಬ್ಬಿ ಹುಡುಕಿ, ಅಕ್ಕಪಕ್ಕದ ಮನೆಗೆ ಹಂಚಿ.

‘ದಿನಾ ವಾಕಿಂಗ್ ಹೋಗುತ್ತೇನೆ’

ಗೋಳಗುಮ್ಮಟದ ಸುತ್ತ, ಬೆಳಗಾವಿಯ ಕೋಟೆ ಕೆರೆಯ ದಂಡೆ, ಬಾಗಲಕೋಟೆ ನವನಗರದ ಅಗಲ ರಸ್ತೆಗಳಲ್ಲಿ ಬೆಳಿಗ್ಗೆ ನಡೆಯುವವರನ್ನು ನೋಡಿದರೆ ಸಂತೋಷವಾಗುತ್ತದೆ. ನಡಿಗೆ ಮುಗಿಸಿ ಅವರು ಹೋಗುವ ಹೋಟೆಲುಗಳನ್ನು ನೋಡಿದರೆ ಅಷ್ಟಾಗುವುದಿಲ್ಲ. ಎಪ್ಪತ್ತು ಕಿಲೋದವರು ಅರ್ಧ ಗಂಟೆ ನಡೆದರೆ ಖರ್ಚಾಗುವುದು ಸುಮಾರು 120 ಕ್ಯಾಲೊರಿ. ಒಂದು ತಟ್ಟೆ ಉಪ್ಪಿಟ್ಟೋ ಎರಡು ಮಿರ್ಚಿ ಭಜಿಯೋ ಅದನ್ನು ಮೀರುತ್ತದೆ. ನಡಿಗೆ ಹೃದಯಕ್ಕೆ, ಸಕ್ಕರೆ ಹತೋಟಿಗೆ, ನಿದ್ದೆಗೆ ಒಳ್ಳೆಯದು, ಬಿಡಬೇಡಿ. ಆದರೆ ಅದನ್ನು ತಿನ್ನುವ ಪರವಾನಗಿ ಮಾಡಿಕೊಳ್ಳಬೇಡಿ. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಸೂರ್ಯ ಏರುವ ಮೊದಲೇ ಮುಗಿಸಿ, ನೀರು ಕುಡಿದು ಹೊರಡಿ.

ಗೋಳಗುಮ್ಮಟದ ಮೂಲೆಯ ಗೋಪುರದ ಏಳು ಅಂತಸ್ತು ಹತ್ತುವಾಗ ದಮ್ಮು ಹತ್ತಿತು ಎಂದು ಹೇಳುವವರಿದ್ದಾರೆ. ಆ ಇಕ್ಕಟ್ಟು ಮೆಟ್ಟಿಲು ಯಾರನ್ನಾದರೂ ಏದುಸಿರು ಬಿಡಿಸುತ್ತದೆ. ಎರಡು ನಿಮಿಷ ನಿಂತರೆ ಉಸಿರು ಹದಕ್ಕೆ ಬಂದರೆ ಅದು ಅಭ್ಯಾಸದ ಕೊರತೆ. ಎದೆ ಬಿಗಿದರೆ, ನೋವು ದವಡೆಗೋ ಎಡಗೈಗೋ ಹರಿದರೆ, ಕಣ್ಣು ಕತ್ತಲೆ ಬಂದರೆ ಅಲ್ಲಿಯೇ ಕುಳಿತು 108ಕ್ಕೆ ಕರೆ ಮಾಡಿಸಿ. ದೇಹದ ಶಕ್ತಿ ಪರೀಕ್ಷಿಸಲೆಂದೇ ಯಾರೂ ಆ ಮೆಟ್ಟಿಲು ಹತ್ತುವುದು ಬೇಡ.

‘ರಾತ್ರಿ ಹತ್ತರ ಮೇಲೆ ಹಸಿವು ತಡೆಯಲಾಗುವುದಿಲ್ಲ’

ಬೆಳಗಿನ ಉಪಾಹಾರ ಬಿಟ್ಟು, ಮಧ್ಯಾಹ್ನ ನಿಂತ ಕಾಲಲ್ಲೇ ಏನೋ ತಿಂದವರಿಗೆ ರಾತ್ರಿ ಹಸಿವಾಗುವುದು ಸಹಜ. ಅದು ಚಪಲವಲ್ಲ, ಹಗಲಿನ ಬಾಕಿ. ಹಗಲು ಸರಿಯಾಗಿ ಉಂಡೂ ರಾತ್ರಿ ಕೈ ಚುರುಮುರಿ ಡಬ್ಬಿಗೆ ಹೋಗುತ್ತಿದ್ದರೆ ನಿದ್ದೆಯ ಗಂಟೆಗಳನ್ನು ಎಣಿಸಿ. ನಿದ್ದೆ ಕಡಿಮೆಯಾದವರಿಗೆ ಹಸಿವು ಹೆಚ್ಚು, ಅದರಲ್ಲೂ ಕರಿದದ್ದು ಸಿಹಿ ಬೇಕೆನಿಸುವುದು ಹೆಚ್ಚು. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ನುರಿಸುವ ಹಂಗಾಮಿನಲ್ಲಿ ರಾತ್ರಿ ಪಾಳಿ ಮಾಡುವವರಿಗೆ ಇದು ಪ್ರತಿ ವರ್ಷದ ಕಥೆ. ಪಾಳಿ ಬದಲಿಸುವುದು ಅವರ ಕೈಯಲ್ಲಿಲ್ಲ. ಬುತ್ತಿಯಲ್ಲಿ ರೊಟ್ಟಿ-ಕಾಳುಪಲ್ಯ ಒಯ್ದರೆ ಗೇಟಿನ ಮುಂದಿನ ಗಾಡಿಯ ಭಜಿ ತಪ್ಪಿಸಬಹುದು. ಸಂಜೆ ಕುಡಿಯುವ ಅಭ್ಯಾಸವಿದ್ದರೆ ಅದನ್ನೂ ಬರೆಯಿರಿ: ಅರವತ್ತು ಮಿಲಿಲೀಟರ್ ವಿಸ್ಕಿಯಲ್ಲೇ ಸುಮಾರು 140 ಕ್ಯಾಲೊರಿ, ಜೊತೆಗಿನ ಶೇಂಗಾ ಬೇರೆ.

ಜೋರಾದ ಗೊರಕೆ, ನಡುವೆ ಉಸಿರು ನಿಂತು ದಡಬಡಿಸಿ ಏಳುವುದು, ಹಗಲು ಬೈಕ್ ಓಡಿಸುವಾಗಲೂ ಜೋಂಪು ಹತ್ತುವುದು ಇದ್ದರೆ ಮನೆಯ ಪರೀಕ್ಷೆ ಇಲ್ಲಿಗೆ ಮುಗಿಯಿತು. ಇದು ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆಯ ಲಕ್ಷಣ. ವೈದ್ಯರು ನೋಡುವವರೆಗೆ ದೂರದ ವಾಹನ ಚಾಲನೆ ಬೇಡ.

ಇಲ್ಲಿಗೆ ನಿಲ್ಲಿಸಿ, ವೈದ್ಯರ ಬಳಿ ಹೋಗಿ

ಎರಡು ಮೂರು ದಿನದಲ್ಲೇ ಎರಡು ಕಿಲೋಗಿಂತ ಹೆಚ್ಚು ಏರಿ, ಪಾದ ಊದಿ, ಬೆರಳಿನಿಂದ ಒತ್ತಿದರೆ ಗುಳಿ ಉಳಿಯುತ್ತಿದ್ದರೆ ಅದು ಕೊಬ್ಬಲ್ಲ, ನೀರು. ಹೃದಯ, ಮೂತ್ರಪಿಂಡ, ಯಕೃತ್ತು ಯಾವುದರ ತೊಂದರೆಯಾದರೂ ಇರಬಹುದು. ಜೊತೆಗೆ ಮಲಗಿದಾಗ ಉಸಿರು ಕಟ್ಟಿದರೆ ನಾಳೆಗೆ ಮುಂದೂಡಬೇಡಿ.

ಯಾವಾಗಲೂ ಚಳಿ, ಸುಸ್ತು, ಮಲಬದ್ಧತೆ, ಒಣ ಚರ್ಮ, ಕೂದಲು ಉದುರುವುದು ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ಆದರೆ ಥೈರಾಯ್ಡ್ ಕೊರತೆಯಿಂದ ಏರುವ ತೂಕ ಸಾಮಾನ್ಯವಾಗಿ ಕೆಲವೇ ಕಿಲೋ. ಇಪ್ಪತ್ತು ಕಿಲೋ ಏರಿದ್ದಕ್ಕೆಲ್ಲ ಅದನ್ನೇ ಹೊಣೆ ಮಾಡಲಾಗದು. ತೂಕ ಇಳಿಸಲೆಂದು ಬೇರೆಯವರ ಥೈರಾಯ್ಡ್ ಮಾತ್ರೆ ನುಂಗುವುದಂತೂ ಹೃದಯದ ಬಡಿತದೊಡನೆ ಆಟವಾಡಿದಂತೆ. ಮುಟ್ಟು ತಿಂಗಳುಗಟ್ಟಲೆ ತಪ್ಪಿ ಮುಖದಲ್ಲಿ ಕೂದಲು ಬರುತ್ತಿದ್ದರೆ ಸ್ತ್ರೀರೋಗ ತಜ್ಞರನ್ನು ನೋಡಿ. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಮಖಮಲ್ಲಿನಂತೆ ದಪ್ಪಗಾದ ಕಪ್ಪು ಪಟ್ಟಿಯನ್ನು ಕೊಳೆ ಎಂದು ಉಜ್ಜುವವರಿದ್ದಾರೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂಬ ಗುರುತು ಅದು. ಉಜ್ಜಿದರೆ ಹೋಗುವುದಿಲ್ಲ, ಸಕ್ಕರೆ ಪರೀಕ್ಷೆ ಮಾಡಿಸಿ.

ಔಷಧಗಳೂ ತೂಕ ಏರಿಸುತ್ತವೆ: ಸ್ಟಿರಾಯ್ಡ್, ಇನ್ಸುಲಿನ್, ಸಕ್ಕರೆಯ ಕೆಲವು ಮಾತ್ರೆಗಳು, ಮೂರ್ಛೆ ರೋಗದ ಮತ್ತು ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳು. ಇವನ್ನು ನೀವಾಗಿ ನಿಲ್ಲಿಸಬೇಡಿ. ಬಹುಕಾಲದಿಂದ ತೆಗೆದುಕೊಳ್ಳುತ್ತಿರುವ ಸ್ಟಿರಾಯ್ಡನ್ನು ಥಟ್ಟನೆ ಬಿಟ್ಟರೆ ಜೀವಕ್ಕೇ ಅಪಾಯ. ಮಂಡಿನೋವಿಗೆಂದು ಸಂತೆಯಲ್ಲಿ ಮಾರುವ ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದುಂಟು. ಅದನ್ನು ತಿಂದ ಮೇಲೆ ನೋವು ಮಾಯವಾಗಿ, ಮುಖ ಗುಂಡಗಾಗಿ, ಹೊಟ್ಟೆಯ ಮೇಲೆ ನೇರಳೆ ಗೀರುಗಳು ಮೂಡಿದ್ದರೆ ಆ ಪೊಟ್ಟಣವನ್ನೇ ಹಿಡಿದು ವೈದ್ಯರ ಬಳಿ ಹೋಗಿ. ತೂಕ ಇಳಿಸುವ ಹೆಸರಿಲ್ಲದ ಪುಡಿಗಳನ್ನು ದೂರವೇ ಇಡಿ.

ಇನ್ನು ಪ್ರಯತ್ನವಿಲ್ಲದೆ ತೂಕ ಸರಸರನೆ ಇಳಿದು, ಬಾಯಾರಿಕೆ, ಪದೇ ಪದೇ ಮೂತ್ರ ಇದ್ದರೆ ಖುಷಿಪಡಬೇಡಿ. ಅದೇ ವಾರ ಸಕ್ಕರೆ ನೋಡಿಸಿ.

ಇದಾವುದೂ ಇಲ್ಲದೆ ಮೇಲಿನ ಪರೀಕ್ಷೆಗಳನ್ನು ಒಂದೊಂದಾಗಿ ಮೂರು ತಿಂಗಳು ಮಾಡಿಯೂ ಸೊಂಟದ ಅಳತೆ ಕದಲದಿದ್ದರೆ ಆಗಲೂ ವೈದ್ಯರೇ ಸರಿ. ಮೂವತ್ತು ದಾಟಿದವರಿಗೆ ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಆಗುತ್ತದೆ. ಹೋಗುವಾಗ ವಾರವಾರದ ತೂಕ ಮತ್ತು ಸೊಂಟದ ಅಳತೆ, ಚಹಾದ ಗೀಟಿನ ಚೀಟಿ, ಎಣ್ಣೆ ಡಬ್ಬಿ ಒಡೆದ ದಿನಾಂಕ, ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ನಾಟಿ ಔಷಧವೂ ಸೇರಿ, ಮತ್ತು ಹಳೆಯ ರಕ್ತ ಪರೀಕ್ಷೆಯ ವರದಿಗಳನ್ನು ಒಯ್ಯಿರಿ. ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆಗೆ ಬರಿಹೊಟ್ಟೆಯಲ್ಲಿ ಬರಬೇಕೇ ಎಂದು ಹಿಂದಿನ ದಿನವೇ ಕೇಳಿಕೊಳ್ಳಿ. ಬರಿಹೊಟ್ಟೆ ಎಂದರೆ ಚಹಾ ಕೂಡ ಕುಡಿಯದೆ.